ಫೋಟೋ ಸಾವಿರಗಟ್ಲೆ, ಹೆಸರು ಗೊತ್ತಿರೋದು ಅತ್ತೆಗೆ

ಈಗ ಯಾರ ಮನೆಗೆ ಹೋದ್ರೂ ಫೋಟೋಗೇನೂ ಬರ ಇಲ್ಲ. ಒಂದು ನಾಮಕರಣ ಅಂದ್ರೆ ಮಗೂನ ತೊಟ್ಟಿಲಿಗೆ ಹಾಕೋಷ್ಟರಲ್ಲಿ ಇನ್ನೂರು ಫೋಟೋ ಆಗಿರುತ್ತೆ. ಹಾಸನಾಂಬೆ ಬಾಗಿಲು ತೆಗೆದಾಗ ಸಾಲಲ್ಲಿ ನಿಂತಿದ್ದು, ಹೊಳೆನರಸೀಪುರದ ತೇರು, ರಾಮನಾಥಪುರದಲ್ಲಿ ಕಾವೇರಿಗೆ ಇಳಿದಿದ್ದು, 2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದು, ಎಲ್ಲಾನೂ ಇದೆ. ಆದ್ರೆ "ಅವತ್ತು ಚಿಕ್ಕಮ್ಮ ಹಸಿರು ಸೀರೆ ಉಟ್ಟಿದ್ರಲ್ಲ, ಆ ಫೋಟೋ ತೋರ್ಸೇ" ಅಂದ್ರೆ ಅರ್ಧ ಗಂಟೆ ಫೋನ್ ಉಜ್ಜಿದ್ರೂ ಸಿಗಲ್ಲ. ಉಗ್ರಾಣದ ತುಂಬ ದಿನಸಿ ಇದ್ದು ಮೆಂತ್ಯದ ಡಬ್ಬ ಎಲ್ಲಿದೆ ಅಂತ ಗೊತ್ತಿಲ್ದಿದ್ರೆ ಏನು ಪ್ರಯೋಜನ ಹೇಳಿ.

ಹೋದ ಅವರೆಕಾಯಿ ಕಾಲದಿಂದ ಈ ಅವರೆಕಾಯಿ ಕಾಲದವರೆಗೆ ನಾನು ನಮ್ಮನೆ ಫೋಟೋಗಳನ್ನ ಒಂದು ದಾರಿಗೆ ತಂದೆ. ಚನ್ನರಾಯಪಟ್ಟಣದ ಅಕ್ಕ, ಅರಕಲಗೂಡಿನ ನಾದಿನಿ, ಎದುರುಮನೆಯವರು, ಎಲ್ಲಾರೂ "ಯಾವ ಸಾಫ್ಟ್‌ವೇರ್ ಹಾಕ್ಕಂಡೆ, ಹೆಂಗೆ ಮಾಡ್ದೆ?" ಅಂತ ಕೇಳ್ತಾನೇ ಇದಾರೆ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಇಲ್ಲೇ ಬರೆದುಬಿಡ್ತೀನಿ.

ಮೊದಲು ನಮ್ಮ ಹತ್ರ ಏನೇನಿತ್ತು ಅಂತ ಹೇಳ್ತೀನಿ. ಮೂರು ಫೋನು, ಎರಡು ಹಳೇ ಕ್ಯಾಮೆರಾ ಕಾರ್ಡು, ಮದುವೆ ಮುಂಜಿಯವರು ಕೊಟ್ಟ ಸೀಡಿಗಳು, ಮಗಳ ಹಳೇ ಲ್ಯಾಪ್‌ಟಾಪು, ವಾಟ್ಸಾಪಿಗೆ ಬಂದು ಬಿದ್ದಿರೋದು. ಇದರ ಜೊತೆ ಹೊಳೆನರಸೀಪುರದ ಮನೆ ಬೀರುವಿನಿಂದ ತಂದ ಮೂರು ಆಲ್ಬಂ. ಕಪ್ಪು ಹಾಳೆ, ಮಧ್ಯ ಜೇಡರಬಲೆ ಥರದ ತೆಳ್ಳನೆ ಕಾಗದ, ಫೋಟೋದ ನಾಲ್ಕು ಮೂಲೆಗೆ ಪುಟ್ಟ ಪುಟ್ಟ ಅಂಟು ಜೇಬು, ನೀವೂ ನೋಡಿರ್ತೀರಿ. ಎಲ್ಲಾ ಒಂದು ಕಡೆ ಹಾಕಿ ಎಣಿಸಿದ್ರೆ 31 ಸಾವಿರದ ಮೇಲೆ. ಅದರಲ್ಲಿ ಆಲ್ಬಮ್ಮಿನ ಫೋಟೋ ಇನ್ನೂರಕ್ಕೂ ಕಮ್ಮಿ. ನನಗೆ ಚಿಂತೆ ಇದ್ದಿದ್ದು ಆ ಇನ್ನೂರರದ್ದೇ.

ಯಾಕಂದ್ರೆ ನಮ್ಮತ್ತೆ ತವರೂರು ಈಗ ಇಲ್ಲ. ಗೊರೂರಲ್ಲಿ ಹೇಮಾವತಿಗೆ ಅಣೆಕಟ್ಟೆ ಕಟ್ಟಿದಾಗ ಹಿನ್ನೀರಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಅಣೆಕಟ್ಟೆ ಕೆಲಸ ಮುಗಿದಿದ್ದು 1979ರಲ್ಲಿ. ಶೆಟ್ಟಿಹಳ್ಳಿಯ ಇಗರ್ಜಿನಾದ್ರೂ ಬೇಸಿಗೇಲಿ ನೀರು ಇಳಿದಾಗ ಗೋಡೆ ತೋರುಸ್ತಾ ನಿಂತಿರುತ್ತೆ, ಜನ ಹೋಗಿ ನೋಡ್ಕಂಡು ಬರ್ತಾರೆ. ಅತ್ತೆ ಮನೆ ಮಣ್ಣಿನ ಗೋಡೆ, ನಾಡಹೆಂಚು, ಅದೇನು ಉಳಿಯುತ್ತೆ? ಆ ಮನೆಯದು ಅಂತ ಇರೋದು ಒಂದೇ ಒಂದು ಫೋಟೋ. ಜಗಲಿ ಮೇಲೆ ಮತ್ತೆ ಕೆಳಗೆ ಸೇರಿ ಹನ್ನೊಂದು ಜನ. ಅಂಗೈ ಅಗಲ ಇಲ್ಲ. ಅತ್ತೆಗೆ ಈಗ 84. ಆ ಹನ್ನೊಂದು ಜನ ಯಾರ್ಯಾರು ಅಂತ ಹೇಳೋಕೆ ಗೊತ್ತಿದ್ದೋರು ಅವರು ಮತ್ತು ಅರಕಲಗೂಡಲ್ಲಿದ್ದ ಅವರ ತಂಗಿ, ನಮ್ಮ ಚಿಕ್ಕತ್ತೆ, ಇಬ್ಬರೇ.

ಹಂಗಾಗಿ ಸಾಫ್ಟ್‌ವೇರ್ ಹುಡುಕೋವಾಗ ಅಂದಚಂದ ನೋಡ್ಲಿಲ್ಲ, ಮೂರು ಪ್ರಶ್ನೆ ಇಟ್ಕಂಡೆ. ಒಂದು, ಫೋಟೋಗೆ ಕನ್ನಡದಲ್ಲಿ ಹೆಸರು ಬರೆಯೋಕಾಗುತ್ತಾ? ಎರಡು, ಬರೆದ ಹೆಸರು ಫೋಟೋ ಜೊತೇಲೇ ಇರುತ್ತಾ, ಇಲ್ಲ ಆ ಸಾಫ್ಟ್‌ವೇರಲ್ಲಿ ಮಾತ್ರ ಕಾಣುತ್ತಾ? ಮೂರು, ನಾಳೆ ಆ ಸಾಫ್ಟ್‌ವೇರೇ ನಿಂತು ಹೋದ್ರೆ ನಮ್ಮ ಫೋಟೋ ನಮ್ಮ ಕೈಲಿರುತ್ತಾ?

ಮೂರನೇ ಪ್ರಶ್ನೆ ಯಾಕೆ ಬಂತು ಅಂದ್ರೆ ಪಿಕಾಸಾ ಇಂದ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು, ಕಂಪ್ಯೂಟರಲ್ಲಿ ಫೋಟೋ ನೋಡೋಕೆ ಅಷ್ಟು ಚೆನ್ನಾಗಿರೋದು ಇನ್ನೊಂದಿರ್ಲಿಲ್ಲ. 2004ರಲ್ಲಿ ಗೂಗಲ್ ಅದನ್ನ ಕೊಂಡ್ಕಂಡು ಎಲ್ಲಾರಿಗೂ ಪುಕ್ಕಟೆ ಕೊಡ್ತು. ಮುಖ ಗುರುತು ಹಿಡಿದು ಹೆಸರು ಕೇಳೋದನ್ನ ನಮ್ಮಂಥೋರಿಗೆ ಮೊದಲು ತೋರಿಸಿದ್ದೂ ಅದೇ. 2016ರಲ್ಲಿ ನಿಲ್ಲಿಸಿಬಿಟ್ರು. ಹಾಕ್ಕಂಡಿದ್ದೋರ ಕಂಪ್ಯೂಟರಲ್ಲಿ ಸ್ವಲ್ಪ ದಿನ ನಡೀತು, ಕಂಪ್ಯೂಟರ್ ಬದಲಾದ ಮೇಲೆ ಅದೂ ಇಲ್ಲ. ಗಂಡಸಿನ ಹೆಸರಲ್ಲೇ ಇರೋ ದೊಡ್ಡ ದೊಡ್ಡ ಅಂಗಡಿಗಳೇ ಬಾಗಿಲು ಹಾಕ್ತವೆ, ಇದೇನು ಹೆಚ್ಚು. ಆದ್ರೆ ಅಂಗಡಿ ಮುಚ್ಚಿದಾಗ ನಾವು ಕೊಟ್ಟ ಸಾಮಾನೂ ಒಳಗೇ ಉಳಕಂಡ್ರೆ ಕಷ್ಟ.

ಅಕ್ಕ ಹೇಳಿದ್ದು ಗೂಗಲ್ ಫೋಟೋಸ್. "ಫೋನಲ್ಲೇ ಇದೆಯಲ್ಲೇ, ಇನ್ನೇನು ಹುಡುಕ್ತೀಯ?" ಅಂತ. ಅದು ನಿಜವಾಗ್ಲೂ ಒಳ್ಳೇದೇ. ಹುಡುಕೋದ್ರಲ್ಲಿ ಅದನ್ನ ಮೀರಿಸೋದು ಕಷ್ಟ. ದೇವಸ್ಥಾನ ಅಂದ್ರೆ ದೇವಸ್ಥಾನ, ಹಸು ಅಂದ್ರೆ ಹಸು ತಂದು ಮುಂದಿಡುತ್ತೆ. ಮುಖಗಳನ್ನ ತಾನೇ ಗುಂಪು ಮಾಡುತ್ತೆ, ಒಂದು ಸಲ ಹೆಸರು ಹಾಕಿದ್ರೆ ಆಯ್ತು. ಅನುಮಾನ ಬಂದ್ರೆ "ಇವರಿಬ್ಬರೂ ಒಬ್ಬರೇನಾ?" ಅಂತ ಎರಡು ಮುಖ ಇಟ್ಟು ಕೇಳುತ್ತೆ. ನನಗೆ ಒಂದಿನ ಹಂಗೆ ಕೇಳಿದ್ದು ಅತ್ತೆಯ ಇಪ್ಪತ್ತು ವರ್ಷದ ಫೋಟೋ ಮತ್ತು ನನ್ನ ಮಗಳ ಪಿಯುಸಿ ಫೋಟೋ ಇಟ್ಟು! ಅತ್ತೆಗೆ ತೋರಿಸಿದೆ. "ನೋಡು, ಈ ಯಂತ್ರಕ್ಕೆ ತಿಳಿದಿದ್ದು ನಿಮ್ಮ ಮಾವನಿಗೆ ಕೊನೇವರೆಗೂ ತಿಳೀಲಿಲ್ಲ. ಕೂಸು ನಮ್ಮ ಕಡೆ ಥರ ಅಂತಾನೇ ಹೇಳ್ತಿದ್ರು" ಅಂದು ಸೆರಗು ಬಾಯಿಗಿಟ್ಕಂಡು ನಕ್ಕರು.

ಆದ್ರೆ ಎರಡು ವಿಷಯ ಗೊತ್ತಿರಬೇಕು. ಗೂಗಲ್ ಫೋಟೋಸ್ 2015ರಲ್ಲಿ ಬಂದಾಗ ಸ್ವಲ್ಪ ಗಾತ್ರ ಇಳಿಸಿದ ಫೋಟೋನ ಎಷ್ಟು ಬೇಕಾದ್ರೂ ಪುಕ್ಕಟೆ ಇಡಬಹುದಿತ್ತು. 2021ರ ಜೂನ್ 1ರಿಂದ ಅದಿಲ್ಲ. ಮೇಲು, ಡ್ರೈವು, ಫೋಟೋ ಎಲ್ಲಾ ಸೇರಿ 15 ಜಿಬಿ, ಅದು ತುಂಬಿದ ಮೇಲೆ ದುಡ್ಡು. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನ ತೆಗೆದುಹಾಕ್ತೀವಿ ಅನ್ನೋ ನಿಯಮಾನೂ ಮಾಡಿದಾರೆ. ಮನೇಲಿ ಒಬ್ಬರೇ ಖಾತೆ ನೋಡ್ಕಳೋರಿದ್ದು ಅವರು ಹೋದ್ರೆ, ಪಾಸ್‌ವರ್ಡ್ ಇನ್ನೊಬ್ಬರಿಗೆ ಗೊತ್ತಿಲ್ದಿದ್ರೆ, ಯೋಚ್ನೆ ಮಾಡಿ. ಇನ್ನೊಂದು, ನನಗೆ ಮುಖ್ಯವಾಗಿದ್ದು. ಅಲ್ಲಿ ಮುಖಕ್ಕೆ ಹಾಕಿದ ಹೆಸರು ಫೋಟೋ ಫೈಲ್ ಒಳಗೆ ಹೋಗಲ್ಲ, ಅವರ ಲೆಕ್ಕದಲ್ಲಿ ಮಾತ್ರ ಇರುತ್ತೆ. ಫೋಟೋನ ನೀವು ಇಳಿಸ್ಕಂಡು ಪೆನ್‌ಡ್ರೈವಿಗೆ ಹಾಕಿ ಕೊಟ್ರೆ ಹೆಸರು ಜೊತೇಲಿ ಹೋಗಲ್ಲ. ಕರಡಿಗೆ ಕೊಟ್ಟು ಚೀಟಿ ಉಳಿಸ್ಕಂಡ ಹಂಗೆ.

ನಾದಿನಿ ಹೇಳಿದ್ದು ಇನ್ನೂ ಸುಲಭ. "ಎಲ್ಲಾನೂ ನಮ್ಮ ವಾಟ್ಸಾಪ್ ಗುಂಪಿಗೆ ಹಾಕ್ಬಿಡಿ ಅತ್ತಿಗೆ, ಯಾರಿಗೆ ಬೇಕೋ ಅವರು ನೋಡ್ಕತಾರೆ." ಬೆಳಗಿನ ಶುಭೋದಯದ ಹೂವಿನ ಜೊತೆ ಅಜ್ಜಿ ಫೋಟೋನೂ ಸೇರ್ಕಂಡು ಮೇಲೆ ಹೋಗಿಬಿಡುತ್ತೆ, ಅದು ಬಿಡಿ. ವಾಟ್ಸಾಪಲ್ಲಿ ಮಾಮೂಲಿ ಥರ ಕಳಿಸಿದ ಫೋಟೋ ಚಿಕ್ಕದಾಗುತ್ತೆ, ಯಾವತ್ತು ಎಲ್ಲಿ ತೆಗೆದಿದ್ದು ಅಂತ ಕ್ಯಾಮೆರಾ ಒಳಗೇ ಬರೆದಿರೋ ವಿವರ ಅಳಿಸಿ ಹೋಗುತ್ತೆ. ಫೈಲಿನ ಹೆಸರಲ್ಲಿ ಒಂದು ತಾರೀಖಿರುತ್ತಲ್ಲ, ಅದು ನಮಗೆ ತಲುಪಿದ ದಿನ, ತೆಗೆದ ದಿನ ಅಲ್ಲ. ಕಳಿಸ್ಲೇಬೇಕು ಅಂದ್ರೆ 'ಡಾಕ್ಯುಮೆಂಟ್' ಅಂತ ಆರಿಸ್ಕಂಡು ಕಳಿಸಿ, ಇದ್ದ ಹಂಗೇ ಹೋಗುತ್ತೆ. ಇದೊಂದು ನೆನಪಿಟ್ಕಂಡ್ರೆ ಸಾಕು, ಅರ್ಧ ನಷ್ಟ ತಪ್ಪುತ್ತೆ.

ಮಗಳು ಬೆಂಗಳೂರಿಂದ ಹೇಳಿದ್ದು ಅಡೋಬಿಯವರ ಲೈಟ್‌ರೂಮ್. ಬಣ್ಣ ಬೆಳಕು ತಿದ್ದೋಕೆ ಸ್ಟುಡಿಯೋದವರೇ ಬಳಸೋದಂತೆ. ನೋಡಿದೆ, ಸೊಗಸಾಗಿದೆ. ಆದ್ರೆ ಬಾಡಿಗೆ ಮನೆ ಥರ, ತಿಂಗಳು ತಿಂಗಳು ಕಟ್ತಾ ಇರಬೇಕು. ಮದುವೆ ಫೋಟೋ ತೆಗೆದು ಸಂಪಾದನೆ ಮಾಡೋರಿಗೆ ಸರಿ. ಹಾಲಿನ ಲೆಕ್ಕ ಬರೆಯೋ ನನಗೆ ಅದು ಹೆಚ್ಚಾಯ್ತು.

ಕೊನೆಗೆ ನಾನು ಹಿಡಿದಿದ್ದು ಡಿಜಿಕ್ಯಾಮ್. ಇದು ಯಾವ ಕಂಪನಿದೂ ಅಲ್ಲ, ಬೇರೆ ಬೇರೆ ದೇಶದೋರು ಸೇರಿ ಮಾಡಿ ಎಲ್ಲಾರಿಗೂ ಪುಕ್ಕಟೆ ಬಿಟ್ಟಿರೋದು, ಇಪ್ಪತ್ತು ವರ್ಷದ ಮೇಲಾಯ್ತು. ವಿಂಡೋಸಲ್ಲೂ ಲಿನಕ್ಸಲ್ಲೂ ಮ್ಯಾಕಲ್ಲೂ ನಡೆಯುತ್ತೆ. ಫೋಟೋನ ಎಲ್ಲಿಗೂ ಎಳ್ಕಂಡು ಹೋಗಲ್ಲ, ನಮ್ಮ ಫೋಲ್ಡರಲ್ಲಿ ಹೆಂಗಿದೆಯೋ ಹಂಗೇ ತೋರಿಸುತ್ತೆ. ಮುಖ ಗುರುತು ಹಿಡಿಯೋ ಕೆಲಸಾನೂ ನಮ್ಮ ಕಂಪ್ಯೂಟರಲ್ಲೇ ಮಾಡುತ್ತೆ, ಮೊದಲ ಸಲ ಬೇಕಾದ ಫೈಲು ಇಳಿಸ್ಕಳೋಕೆ ಮಾತ್ರ ನೆಟ್ ಬೇಕು. ಒಂದೇ ಥರದ ಫೋಟೋ ಎರಡೆರಡು ಇದ್ರೆ ಹುಡುಕಿ ಕೊಡುತ್ತೆ. ನಮ್ಮದ್ರಲ್ಲಿ ಹಂಗೆ ಆರು ಸಾವಿರದಷ್ಟು ಹೋದ್ವು! ಎಲ್ಲಕ್ಕಿಂತ ಹೆಚ್ಚಾಗಿ, ಹೆಸರು, ವಿವರಣೆ ಫೋಟೋ ಫೈಲ್ ಒಳಗೇ ಬರೆಯುತ್ತೆ, ಕನ್ನಡದಲ್ಲೂ. ಸೆಟ್ಟಿಂಗ್ಸಲ್ಲಿ 'ಮೆಟಾಡೇಟಾ' ಅಂತ ಒಂದು ಕಡೆ ಇದೆ, ಅಲ್ಲಿ ಟ್ಯಾಗು, ವಿವರಣೆ, ಮುಖದ ಹೆಸರು ಎಲ್ಲಾ ಫೈಲಲ್ಲೇ ಬರೀ ಅನ್ನೋದಕ್ಕೆ ಟಿಕ್ ಇದೆಯಾ ಅಂತ ಮೊದಲು ನೋಡ್ಕಬೇಕು. ಆಮೇಲೆ ಆ ಫೋಟೋ ಎಲ್ಲಿಗೆ ಹೋದ್ರೂ ಹೆಸರು ಜೊತೇಲೇ ಹೋಗುತ್ತೆ. ಹಳೇ ಕಾಲದಲ್ಲಿ ಪಾತ್ರೆ ಮೇಲೆ ಹೆಸರು ಹೊಡಿಸ್ತಿದ್ರಲ್ಲ, ಯಾರ ಮನೆ ಮದುವೆಗೆ ಹೋದ್ರೂ ವಾಪಸ್ ಬರ್ತಿತ್ತು, ಹಂಗೆ.

ಕಷ್ಟ ಇಲ್ಲ ಅಂತ ಹೇಳಲ್ಲ. ಮೊದಲ ವಾರ ಪರದೆ ತುಂಬ ಗುಂಡಿಗಳು, ಯಾವುದು ಒತ್ತಬೇಕೋ ಗೊತ್ತಾಗಲ್ಲ. ಹಳೇ ಕಂಪ್ಯೂಟರಲ್ಲಿ ಮುಖ ಹುಡುಕೋಕೆ ಬಿಟ್ರೆ ರಾತ್ರಿಯೆಲ್ಲ ಬೇಯ್ತಾ ಇರುತ್ತೆ. ನಾನು ಮಲಗೋವಾಗ ಶುರು ಮಾಡಿ ಬೆಳಗ್ಗೆ ಕಾಫಿ ಕುಡಿತಾ ನೋಡ್ತಿದ್ದೆ. ಕಂಪ್ಯೂಟರ್ರೇ ಇಲ್ದೋರು ಗೂಗಲ್ ಫೋಟೋಸಲ್ಲೇ ಇಡಿ, ತೊಂದ್ರೆ ಇಲ್ಲ. ಆದ್ರೆ ಹಳೇ ಫೋಟೋಗಳ ಹೆಸರನ್ನ ಒಂದು ನೋಟ್‌ಬುಕ್ಕಲ್ಲೂ ಬರೆದಿಡಿ.

ಇನ್ನು ಆಲ್ಬಮ್ಮಿನ ಕೆಲಸ. ಸ್ಕ್ಯಾನರ್ ಇದ್ರೆ ಸಣ್ಣ ಫೋಟೋನ 600 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಬೇಕು. ಇಲ್ದಿದ್ರೆ ಗೂಗಲ್ಲಿನವರದೇ ಫೋಟೋಸ್ಕ್ಯಾನ್ ಅಂತ ಇದೆ, ನಾಲ್ಕು ಚುಕ್ಕಿ ತೋರಿಸಿ ನಾಲ್ಕು ಕಡೆಯಿಂದ ಹಿಡಿಸಿ ಹೊಳಪು ತೆಗೆದು ಜೋಡಿಸುತ್ತೆ. ಯಾವುದರಲ್ಲೇ ಮಾಡಿ, ಫೋಟೋ ಹಿಂದುಗಡೇನೂ ಒಂದು ತೆಗೀರಿ. ಸ್ಟುಡಿಯೋ ಸೀಲು, ಇಸವಿ, ಯಾರೋ ಪೆನ್ಸಿಲಲ್ಲಿ ಗೀಚಿದ ಎರಡಕ್ಷರ, ಎಲ್ಲಾ ಅಲ್ಲೇ ಇರೋದು. ಹೊಸದಾಗಿ ಸ್ಕ್ಯಾನ್ ಮಾಡಿದ್ದಕ್ಕೆ ಕಂಪ್ಯೂಟರು ಇವತ್ತಿನ ತಾರೀಖು ಹಾಕಿರುತ್ತೆ. ಅದನ್ನ ಬದಲಾಯಿಸದೇ ಇದ್ರೆ ನಮ್ಮಜ್ಜಿ ಮೊಮ್ಮಗಳ ಸೀಮಂತದ ಆಚೆ ಬಂದು ಕೂತಿರ್ತಾರೆ! ಇಸವಿ ಸರಿಯಾಗಿ ಗೊತ್ತಿಲ್ದಿದ್ರೆ ಅಂದಾಜು ಹಾಕಿ, ವಿವರಣೇಲಿ 'ಸುಮಾರು' ಅಂತ ಬರೀರಿ. ಫೋಲ್ಡರಿಗೆ ಹೆಸರಿಡೋವಾಗ ಇಸವಿ ಮೊದಲು, ತಿಂಗಳು ಆಮೇಲೆ, ವಿಷಯ ಕೊನೇಲಿ: '1988-05 ಹೊಳೆನರಸೀಪುರ ಮದುವೆ' ಅನ್ನೋ ಥರ. ಆಗ ತಾವೇ ಸಾಲಾಗಿ ನಿಂತ್ಕತವೆ.

ಹೆಸರು ಕೇಳೋ ಕೆಲಸನ ಅವರೆಕಾಯಿ ಸುಲಿಯೋ ಹೊತ್ತಿಗೆ ಇಟ್ಕಂಡಿದ್ದೆ. ಸುಮ್ನೆ ಕೂರಿಸ್ಕಂಡು "ಹೇಳಿ ಅತ್ತೆ" ಅಂದ್ರೆ ಪರೀಕ್ಷೆ ಥರ ಆಗುತ್ತೆ, ನೆನಪಾಗಲ್ಲ. ಕೈಗೆ ಕೆಲಸ ಇದ್ರೆ ಮಾತು ತಾನೇ ಬರುತ್ತೆ. ಲ್ಯಾಪ್‌ಟಾಪ್ ಸ್ಟೂಲ್ ಮೇಲಿಟ್ಟು ಜಗಲಿ ಫೋಟೋನ ಪರದೆ ತುಂಬ ದೊಡ್ಡದು ಮಾಡಿ ಇಟ್ಟೆ. ಅಂಗೈ ಅಗಲ ಇಲ್ದಿದ್ದ ಫೋಟೋದಲ್ಲಿ ಅವರಮ್ಮನ ಮೂಗುಬಟ್ಟು ಕಾಣಿಸ್ತು. ಅತ್ತೆ ಸುಮಾರು ಹೊತ್ತು ಮಾತಾಡ್ಲಿಲ್ಲ. ಕೈಲಿದ್ದ ಕಾಯಿ ಹಂಗೇ ಇತ್ತು. ಆಮೇಲೆ ಒಬ್ಬೊಬ್ಬರ ಹೆಸರೂ ಹೇಳ್ತಾ ಬಂದ್ರು. ಒಂಬತ್ತು ಜನ ಆದ್ರು. ಇನ್ನಿಬ್ಬರು ಗೊತ್ತಾಗ್ಲಿಲ್ಲ.

ಆ ವಾರಾನೇ ಅರಕಲಗೂಡಿಗೆ ಹೋಗಿ ಚಿಕ್ಕತ್ತೆಗೆ ತೋರಿಸಿದೆ. ಕಂಬದ ಹಿಂದೆ ಅರ್ಧ ಮುಖ ಕಾಣೋ ಗಂಡಸನ್ನ ನೋಡಿದ್ದೇ ತಡ, "ಅಯ್ಯೋ, ಇವನು ಕುಯ್ಲಿಗೆ ಬರ್ತಿದ್ದೋನು ಕಣೇ. ನನ್ನ ಹೆಗಲ ಮೇಲೆ ಕೂರಿಸ್ಕಂಡು ಹೊಳೆ ದಾಟಿಸೋನು" ಅಂದು ಅವನ ಹೆಸರು, ಅವನ ಹೆಂಡತಿ ಹೆಸರು, ಊರು ಮುಳುಗೋವಾಗ ಅವರು ಯಾವ ಕಡೆ ಹೋದ್ರು ಅನ್ನೋದು ಎಲ್ಲಾ ಹೇಳಿದ್ರು. ನಮ್ಮನೇಲಿ ಯಾರೂ ಅವನ ಮಾತೆತ್ತಿದ್ದನ್ನ ನಾನು ಕೇಳಿರ್ಲಿಲ್ಲ. ಅವನ ಮುಖಕ್ಕೂ ಹೆಸರು ಬರೆದೆ. ಹನ್ನೊಂದನೇದು ಬಾಗಿಲ ಹತ್ರ ನಿಂತಿರೋ ಹುಡುಗಿ. ಚಿಕ್ಕತ್ತೆಗೂ ತಿಳೀಲಿಲ್ಲ. 'ಬಾಗಿಲ ಹತ್ರದ ಹುಡುಗಿ, ಎರಡು ಜಡೆ, ಹೆಸರು ಗೊತ್ತಿಲ್ಲ' ಅಂತ ಬರೆದಿದೀನಿ. ಇದನ್ನ ಓದ್ತಿರೋರಲ್ಲಿ ಯಾರಿಗಾದ್ರೂ ತಮ್ಮ ಅಮ್ಮನ ಕಡೆಯಿಂದ ಗೊತ್ತಿರಬಹುದು, ಮನೆಗೆ ಬಂದಾಗ ನೋಡಿ ಹೇಳಿ.

ಚಿಕ್ಕತ್ತೆ ಶ್ರಾವಣದಲ್ಲಿ ಹೋಗ್ಬಿಟ್ರು. ಜ್ವರ ಅಂತ ಮಲಗಿದೋರು ಒಂದೇ ವಾರ. ಕಾರ್ಯಕ್ಕೆ ಫೋಟೋಗೆ ಕಟ್ಟು ಹಾಕಿಸ್ಬೇಕಲ್ಲ, ನಾದಿನಿ ಅಳ್ತಾ ಫೋನ್ ಮಾಡಿದ್ಲು, "ಅಮ್ಮ ಒಬ್ಬರೇ ಇರೋ ಫೋಟೋ ನಮ್ಮ ಹತ್ರ ಒಂದೂ ಇಲ್ಲ ಅತ್ತಿಗೆ" ಅಂತ. ಡಿಜಿಕ್ಯಾಮಲ್ಲಿ ಅವರ ಹೆಸರು ಹೊಡೆದೆ. 214 ಫೋಟೋ ಸಾಲಾಗಿ ಬಂದ್ವು, ಲಗ್ನದಿಂದ ಹಿಡಿದು ಹೋದ ಯುಗಾದಿವರೆಗೆ. ಮಹಾಮಸ್ತಕಾಭಿಷೇಕಕ್ಕೆ ಹೋದಾಗ ನಮ್ಮ ಜೊತೆ ನಿಂತು ನಕ್ಕಿದ್ದು ಒಂದು ಸಿಕ್ತು. ಕ್ಯಾಮೆರಾದಲ್ಲಿ ತೆಗೆದಿದ್ದರಿಂದ ದೊಡ್ಡದಿತ್ತು. 8 ಇಂಚು 10 ಇಂಚಿನ ಫೋಟೋ ಚೆನ್ನಾಗಿ ಬರಬೇಕು ಅಂದ್ರೆ 2400ಕ್ಕೆ 3000 ಚುಕ್ಕಿ ಬೇಕು, ವಾಟ್ಸಾಪಿಂದ ಬಂದಿದ್ದನ್ನ ಕೊಟ್ರೆ ಮುಖ ಎಲ್ಲಾ ಒಡೆದ ಹಂಗಾಗುತ್ತೆ. ಅವರೊಬ್ಬರನ್ನೇ ಕತ್ತರಿಸಿ ತೆಗೆದು ಕಳಿಸಿಕೊಟ್ಟೆ. ಈಗ ಅರಕಲಗೂಡಿನ ನಡುಮನೇಲಿ ನಗ್ತಾ ಇರೋದು ಅದೇ ಫೋಟೋ.

ತಿದ್ದೋದಕ್ಕೆ ನಾನು ಬಳಸೋದು ಫೋನಲ್ಲಿ ಸ್ನ್ಯಾಪ್‌ಸೀಡ್. ಪುಕ್ಕಟೆ, ಕಲಿಯೋದು ಸುಲಭ. ಓರೆ ನೆಟ್ಟಗೆ ಮಾಡೋದು, ಕತ್ತಲಾಗಿದ್ರೆ ಬೆಳಕು ಮಾಡೋದು, ಗೆದ್ದಲು ತಿಂದ ಗೀರು ಮುಚ್ಚೋದು, ಇಷ್ಟೇ ಸಾಕು ನಮಗೆ. ಆದ್ರೆ ಯಾವತ್ತೂ ಮೂಲ ಫೋಟೋ ಮೇಲೆ ತಿದ್ದಬೇಡಿ, ನಕಲಲ್ಲಿ ತಿದ್ದಿ ಬೇರೆ ಹೆಸರಲ್ಲಿ ಉಳಿಸಿ. ಅತ್ತೆ ಕೆನ್ನೆ ಮೇಲೆ ಸಿಡುಬಿನ ಕಲೆ ಇದೆ. ಮಗಳು ಪ್ರೀತಿಗೆ ಅದನ್ನೆಲ್ಲ ಒರೆಸಿ ಬೆಣ್ಣೆ ಥರ ಮಾಡಿ ತೋರಿಸಿದ್ಲು. ಅತ್ತೆ ಕನ್ನಡಕ ಹಾಕ್ಕಂಡು ನೋಡಿ "ಯಾರೇ ಇವಳು?" ಅಂದ್ರು.

ಈಗ ಬೆರಳಲ್ಲಿ ಒರೆಸಿದ್ರೆ ಮನುಷ್ಯರೇ ಮಾಯ ಆಗೋ ಸೌಕರ್ಯ ಬಂದಿದೆ, ಗೂಗಲ್ ಫೋಟೋಸಲ್ಲೂ ಇದೆ. ಹಿಂದೆ ಅಡ್ಡ ಬಂದ ಬೈಕು, ಕಸದ ಬುಟ್ಟಿ ತೆಗೆಯೋಕೆ ಒಳ್ಳೇದು. ಒಬ್ಬರು, ಯಾರು ಅಂತ ಹೇಳಲ್ಲ, ನನಗೆ ಫೋನ್ ಮಾಡಿ ಒಂದು ಮದುವೆ ಫೋಟೋದಿಂದ ಒಬ್ಬ ಹೆಣ್ಮಗಳನ್ನ ತೆಗೆದುಬಿಡು ಅಂದ್ರು. ಆ ಹುಡುಗಿ ಈಗ ಆ ಮನೇಲಿಲ್ಲ, ಸಂಬಂಧ ಕಡ್ಕಂಡು ಹೋದಳು. ಅವರ ನೋವು ನನಗೆ ಅರ್ಥ ಆಗ್ದೇ ಇಲ್ಲ. ಗೋಡೆ ಮೇಲಿನ ಫೋಟೋ ದಿನಾ ಕಣ್ಣಿಗೆ ಬೀಳುತ್ತೆ. ಆದ್ರೂ ಕೈ ಬರ್ಲಿಲ್ಲ. ಅತ್ತೆ ಹತ್ರ ಹೇಳಿದೆ. ಅವರು ಎಲೆಗೆ ಸುಣ್ಣ ಸವರ್ತಾ, "ಅವತ್ತು ಅವಳು ಅಲ್ಲಿ ನಿಂತಿದ್ದು ಸುಳ್ಳಾ?" ಅಂದ್ರು, ಅಷ್ಟೇ. ಅದೇ ಮದುವೆಯ ಬೇರೆ ಫೋಟೋ ಹುಡುಕಿದೆ, ಅವಳು ಇಲ್ದೇ ಇದ್ದಿದ್ದು ಒಂದು ಸಿಕ್ತು. ಗೋಡೆಗೆ ಹಾಕ್ಕಳಿ ಅಂತ ಅದನ್ನ ದೊಡ್ಡದು ಮಾಡಿಸಿ ಕೊಟ್ಟೆ. ಹಳೇದು ನಮ್ಮ ಡಿಸ್ಕಲ್ಲಿ ಎಲ್ಲರ ಹೆಸರ ಜೊತೆ ಇದ್ದ ಹಂಗೇ ಇದೆ. ನಾಳೆ ಅವಳ ಮಗುವೇ ಬಂದು "ನಮ್ಮಮ್ಮ ಎಲ್ಲಿ?" ಅಂತ ಕೇಳಬಹುದು.

ಕೊನೇದು, ಕಾಪಾಡೋದು. ತಿಳಿದೋರು ಹೇಳೋ ಲೆಕ್ಕ ಮೂರು ಎರಡು ಒಂದು: ಮೂರು ಪ್ರತಿ, ಎರಡು ಬೇರೆ ಥರದ ಜಾಗ, ಒಂದು ಪ್ರತಿ ಮನೆಯಿಂದ ಆಚೆ. ನಮ್ಮದು ಒಂದು ಹಾಸನದ ಕಂಪ್ಯೂಟರಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಲ್ಲಿ ಚನ್ನರಾಯಪಟ್ಟಣದ ಅಕ್ಕನ ಬೀರುವಲ್ಲಿ ರೇಷ್ಮೆ ಸೀರೆ ಪಕ್ಕ, ಆಯ್ದ ಎರಡು ಸಾವಿರ ಗೂಗಲ್ ಫೋಟೋಸಲ್ಲಿ. ಅಕ್ಕನ ಮಾತೂ ಉಳೀತು ನೋಡಿ. ಆರು ತಿಂಗಳಿಗೊಂದು ಸಲ ನಾನು ಹೋದಾಗ ಡಿಸ್ಕಿಗೆ ಹೊಸದನ್ನ ತುಂಬಿ, ಹಳೇದು ತೆರೆಯುತ್ತಾ ಅಂತ ನೋಡಿ ಬರ್ತೀನಿ. ಪಾಸ್‌ವರ್ಡ್ ಬರೆದ ಚೀಟಿ ನಮ್ಮನೆಯವರಿಗೂ ಮಗಳಿಗೂ ಗೊತ್ತಿರೋ ಜಾಗದಲ್ಲಿದೆ. ಆಲ್ಬಮ್ಮಿನ ಲಿಂಕ್ ಹಂಚೋವಾಗ ಹುಷಾರು, ಲಿಂಕ್ ಸಿಕ್ಕಿದೋರೆಲ್ಲ ನೋಡಬಹುದು. ಮಕ್ಕಳ ಫೋಟೋಗಂತೂ ಹೆಸರು ಹೆಸರಿಗೇ ಹಂಚಿ.

ಇಷ್ಟೆಲ್ಲ ಓದಿ "ನನ್ನ ಕೈಲಾಗಲ್ಲಪ್ಪ" ಅನ್ನಬೇಡಿ. ಸಾಫ್ಟ್‌ವೇರ್ ಆಮೇಲೆ ಆರಿಸಬಹುದು, ಮಕ್ಕಳು ರಜಕ್ಕೆ ಬಂದಾಗ ಹಾಕ್ಕೊಡ್ತಾರೆ. ಮುಖ ಒಂದೇ ಅಂತ ಗುರುತು ಹಿಡಿಯೋಕೆ ಅದಕ್ಕೆ ಬರುತ್ತೆ, ಆ ಮುಖ ಯಾರದು ಅಂತ ನಾವು ಹೇಳಿದ್ರೇ ಅದಕ್ಕೆ ಗೊತ್ತಾಗೋದು. ನಮಗೆ ಹೇಳೋರಿಗೆ ಎಂಬತ್ತು ದಾಟಿದೆ. ಈ ಭಾನುವಾರ ಬೀರುವಿಂದ ಒಂದೇ ಒಂದು ಹಳೇ ಫೋಟೋ ತೆಗೀರಿ, ಅಮ್ಮನೋ ಅತ್ತೆನೋ ದೊಡ್ಡಮ್ಮನೋ ಯಾರಿದಾರೋ ಅವರ ಮುಂದೆ ಇಡಿ, ಎಡಗಡೆಯಿಂದ ಶುರು ಮಾಡಿ ಒಬ್ಬೊಬ್ಬರ ಹೆಸರೂ ಕೇಳಿ ಬರ್ಕಳಿ. ಮೊರದ ತುಂಬ ಅವರೆಕಾಯಿ ಇಟ್ಕಂಡ್ರೆ ಇನ್ನೂ ಒಳ್ಳೇದು.